ಇಂದಿನ ಆಯುರ್ವೇದದ ಪ್ರಾಚೀನತೆ: ಒಂದು ಐತಿಹಾಸಿಕ ವಿವೇಚನೆ

ಆಯುರ್ವೇದವು ನಮ್ಮ ದೇಶದ ಪ್ರಾಚೀನ ವಿದ್ಯೆಗಳಲ್ಲಿ ಒಂದೆಂಬುದು ನಿರ್ವಿವಾದವಾದ ಸಂಗತಿ. ಆದರೆ ಮಹಾವಿದ್ಯಾಲಯಗಳಲ್ಲಿ ಕಲಿಸಲ್ಪಡುವ, ಕಾರಖಾನೆಗಳಲ್ಲಿ ತಯಾರಾಗುವ, ಕೇಂದ್ರ ಸರಕಾರದ ಒಂದು ಮಂತ್ರಾಲಯದ ಆಡಳಿತಕ್ಕೆ ಒಳಪಟ್ಟಿರುವ ಇಂದಿನ ಆಯುರ್ವೇದವೂ ಅಷ್ಟೇ ಪ್ರಾಚೀನವೆ? ಈ ಪ್ರಶ್ನೆಯನ್ನು ಕೇಳುವವರು ವಿರಳ. ಕೇಳಿದವರನ್ನು ಆ ವಿದ್ಯೆಯ ವಿರೋಧಿಗಳೆಂದು ಭಾವಿಸುವುದೂ ಉಂಟು. ಇತಿಹಾಸದ ವಿದ್ಯಾರ್ಥಿಗೆ ವಿರೋಧವೂ ಇಲ್ಲ, ವಕಾಲತ್ತೂ ಇಲ್ಲ. ಯಾವುದು ಎಂದು ಹುಟ್ಟಿತು, ಯಾವುದು ಯಾವುದರೊಡನೆ ಯಾವಾಗ ಕೂಡಿತು, ಯಾವುದು ಬಿಟ್ಟುಹೋಯಿತು ಎಂಬುದನ್ನು ತಿಳಿಯುವುದಷ್ಟೇ ಅವನ ಕೆಲಸ. ಪ್ರಕೃತ ಲೇಖನದ ಉದ್ದೇಶವೂ ಅಷ್ಟೇ.

ಹುಕ್ಕೇರಿ ತಾಲೂಕಿನ ನಿಡಸೋಸಿ, ಸಂಕೇಶ್ವರಗಳ ಮತ್ತು ಗೋಕಾಕ, ಘಟಪ್ರಭೆಗಳ ಪರಿಸರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿ ‘ಆಯುರ್ವೇದ’ವೆಂಬ ಒಂದೇ ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ವಸ್ತುಗಳು ಸೇರಿಕೊಂಡಿವೆ. ಒಂದು, ವಿಶ್ವವಿದ್ಯಾಲಯದ ಪದವಿ ಪಡೆದ ವೈದ್ಯರ ಚಿಕಿತ್ಸೆ. ಎರಡು, ಔಷಧದ ಅಂಗಡಿಯಲ್ಲಿ ಡಬ್ಬಿ ಬಾಟಲಿಗಳಲ್ಲಿ ಸಿಗುವ ಲೇಹ್ಯ, ಚೂರ್ಣ, ಗುಳಿಗೆಗಳು. ಮೂರು, ಮನೆಯ ಹಿರಿಯರೂ ಸೂಲಗಿತ್ತಿಯರೂ ಎಲುಬು ಕಟ್ಟುವವರೂ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಮದ್ದುಗಳು. ಮೂರನ್ನೂ ಜನರು ‘ಸಾವಿರಾರು ವರ್ಷಗಳ ಪರಂಪರೆ’ ಎಂಬ ಒಂದೇ ಮಾತಿನಿಂದ ಕರೆಯುತ್ತಾರೆ. ಆದರೆ ಈ ಮೂರರ ವಯಸ್ಸು ಒಂದೇ ಅಲ್ಲ. ಗ್ರಂಥದ ವಯಸ್ಸು, ಆಚರಣೆಯ ವಯಸ್ಸು, ಸಂಸ್ಥೆಯ ವಯಸ್ಸು ಎಂದು ಮೂರನ್ನು ಪ್ರತ್ಯೇಕಿಸಿ ನೋಡಿದರೆ ಮಾತ್ರ ನಮ್ಮ ಪ್ರಶ್ನೆಗೆ ಉತ್ತರ ದೊರೆಯುವುದು.

ಚೀನದ ನಿದರ್ಶನ

ಇಂಥದೇ ಪ್ರಶ್ನೆಯನ್ನು ಚೀನದ ವೈದ್ಯದ ವಿಷಯದಲ್ಲಿ ಇತಿಹಾಸಕಾರರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದುದರಿಂದ ಅದನ್ನು ಮೊದಲು ಸಂಕ್ಷೇಪವಾಗಿ ನೋಡುವುದು ಉಚಿತ. ಇಂದು ಜಗತ್ತಿನಾದ್ಯಂತ ಚೀನೀ ವೈದ್ಯದ ಗುರುತೇ ಆಗಿರುವ ಸೂಜಿ ಚಿಕಿತ್ಸೆಯನ್ನು 1822ರಲ್ಲಿ ಅಲ್ಲಿಯ ಚಕ್ರವರ್ತಿಯ ಆಜ್ಞೆಯಿಂದಲೇ ರಾಜವೈದ್ಯ ಸಂಸ್ಥೆಯಿಂದ ತೆಗೆದುಹಾಕಲಾಗಿತ್ತು. 1929ರಲ್ಲಿ ನಾನ್‌ಜಿಂಗಿನ ಸರಕಾರದ ಮುಂದೆ ಹಳೆಯ ವೈದ್ಯವನ್ನೆಲ್ಲ ಕ್ರಮೇಣ ರದ್ದುಪಡಿಸಬೇಕೆಂಬ ಸೂಚನೆ ಬಂದಿತು. ವೈದ್ಯರು ಸಂಘಟಿತರಾಗಿ ಅದನ್ನು ಪ್ರತಿಭಟಿಸಿದರು. ಇಡೀ ದೇಶದ ಹಳೆಯ ವೈದ್ಯರೆಲ್ಲ ಒಂದೇ ವೃತ್ತಿಯವರೆಂಬ ಭಾವನೆ ಬಲವಾದದ್ದು ಈ ಹೋರಾಟದ ಕಾಲದಲ್ಲಿಯೇ.

1949ರ ಕ್ರಾಂತಿಯ ತರುವಾಯ ಸ್ಥಿತಿ ಬದಲಾಯಿತು. ದೊಡ್ಡ ದೇಶ, ಕೆಲವೇ ಡಾಕ್ಟರರು; ಇದ್ದ ವೈದ್ಯರನ್ನು ಉಪಯೋಗಿಸಿಕೊಳ್ಳದೆ ಗತ್ಯಂತರವಿರಲಿಲ್ಲ. 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಜೌ, ಚೆಂಗ್‌ದುಗಳಲ್ಲಿ ನಾಲ್ಕು ಮಹಾವಿದ್ಯಾಲಯಗಳು ಪ್ರಾರಂಭವಾದವು. ಅವುಗಳಿಗಾಗಿ ಪಠ್ಯಪುಸ್ತಕಗಳು ಬೇಕಾದವು. ಪರಸ್ಪರ ಒಪ್ಪದ ಅನೇಕ ಮನೆತನಗಳ, ಅನೇಕ ಗ್ರಂಥಗಳ ಮತಗಳನ್ನು ಸೋಸಿ, ಒಂದಕ್ಕೊಂದು ಹೊಂದುವಂತೆ ಜೋಡಿಸಿ, ಏಕರೂಪದ ಶಾಸ್ತ್ರವೊಂದನ್ನು ಆಗ ರಚಿಸಲಾಯಿತು. ‘ಸಾಂಪ್ರದಾಯಿಕ’ ಎಂಬ ವಿಶೇಷಣವನ್ನು ವಿದೇಶೀಯರಿಗಾಗಿ ಬರೆದ ಪುಸ್ತಕಗಳಲ್ಲಿ ಸೇರಿಸಿದರು. ಚೀನೀಯರು ತಮ್ಮ ಭಾಷೆಯಲ್ಲಿ ಅದನ್ನು ‘ಚೀನೀ ವೈದ್ಯ’ವೆಂದಷ್ಟೇ ಕರೆಯುತ್ತಾರೆ. ಅಂದರೆ ಗಿಡಮೂಲಿಕೆಗಳೂ ಗ್ರಂಥಗಳೂ ಹಳೆಯವು. ಅವುಗಳನ್ನು ಹಿಡಿದಿಟ್ಟ ಚೌಕಟ್ಟು ಇಪ್ಪತ್ತನೆಯ ಶತಮಾನದ್ದು. ನಮ್ಮಲ್ಲಿಯೂ ನಡೆದದ್ದು ಬಹುಮಟ್ಟಿಗೆ ಇದೇ. ಆದರೆ ಇಲ್ಲಿ ಅದು ಅರ್ಧ ಶತಮಾನ ಮೊದಲೇ ಪ್ರಾರಂಭವಾಯಿತು, ಮತ್ತು ಒಂದು ಸರಕಾರದ ಆಜ್ಞೆಯಿಂದಲ್ಲದೆ ಅನೇಕ ಜನರ ಪ್ರಯತ್ನದಿಂದ ನಡೆಯಿತು.

ಬದಲಾಗುತ್ತ ಬಂದ ಶಾಸ್ತ್ರ

ಮೊದಲು ಗ್ರಂಥಗಳ ವಿಚಾರ. ಚರಕ, ಸುಶ್ರುತ, ವಾಗ್ಭಟರ ಕೃತಿಗಳನ್ನು ‘ಬೃಹತ್ತ್ರಯೀ’ ಎಂದು ಕರೆಯುವುದು ವಾಡಿಕೆ. ಇವು ಒಬ್ಬೊಬ್ಬ ಋಷಿಯು ಒಂದೇ ಉಸಿರಿನಲ್ಲಿ ಹೇಳಿದವಲ್ಲ. ಚರಕ ಸಂಹಿತೆಯ 120 ಅಧ್ಯಾಯಗಳಲ್ಲಿ 41 ಅಧ್ಯಾಯಗಳನ್ನು, ಅಂದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು, ದೃಢಬಲನೆಂಬವನು ಎಷ್ಟೋ ಕಾಲದ ನಂತರ ಪೂರೈಸಿದನೆಂದು ಆ ಗ್ರಂಥದಿಂದಲೇ ವಿದಿತವಾಗುತ್ತದೆ. ಸಂಹಿತೆಯನ್ನು ಕಾಲಕಾಲಕ್ಕೆ ಪರಿಷ್ಕರಿಸಿ ಹೊಸದು ಮಾಡುವುದನ್ನು ಪ್ರಾಚೀನರು ಮರೆಮಾಚಲಿಲ್ಲ. ಅದೊಂದು ಗೌರವದ ಕೆಲಸವೆಂದೇ ಬಗೆದರು.

ಇನ್ನು ನಾಡೀಪರೀಕ್ಷೆ. ವೈದ್ಯನು ರೋಗಿಯ ಮುಂಗೈ ಹಿಡಿದು ಕಣ್ಣು ಮುಚ್ಚಿ ಕುಳಿತಿರುವ ಚಿತ್ರವೇ ಆಯುರ್ವೇದದ ಚಿತ್ರವೆಂದು ನಾವೆಲ್ಲ ತಿಳಿದಿದ್ದೇವೆ. ಚರಕನಲ್ಲಿಯಾಗಲಿ ಸುಶ್ರುತನಲ್ಲಿಯಾಗಲಿ ಈ ನಾಡೀಪರೀಕ್ಷೆಯಿಲ್ಲ. ಅದು ಸ್ಪಷ್ಟವಾಗಿ ಕಾಣುವುದು ಸುಮಾರು 13-14ನೆಯ ಶತಮಾನದ ಶಾರ್ಙ್ಗಧರ ಸಂಹಿತೆಯಲ್ಲಿ. ಅಫೀಮು ಔಷಧವಾಗಿ ಕಾಣಿಸಿಕೊಳ್ಳುವುದೂ ಆ ಕಾಲದ ಸುಮಾರಿಗೇ. ಪಾದರಸದ ಭಸ್ಮ ಸಿಂಧೂರಗಳು ಪ್ರಾಚೀನ ಸಂಹಿತೆಗಳ ತಿರುಳಲ್ಲ. ಮಧ್ಯಯುಗದ ರಸಶಾಸ್ತ್ರದಿಂದ ಅವು ವೈದ್ಯದೊಳಗೆ ಹರಿದುಬಂದವು.

ಹದಿನಾರನೆಯ ಶತಮಾನದ ಭಾವಪ್ರಕಾಶವು ಇನ್ನೂ ಸ್ವಾರಸ್ಯಕರವಾದ ಸಾಕ್ಷ್ಯವನ್ನು ಕೊಡುತ್ತದೆ. ಪೋರ್ತುಗೀಜರು 1498ರಲ್ಲಿ ಕಲ್ಲೀಕೋಟೆಗೆ ಬಂದರು, 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಕಾಲದಲ್ಲಿ ಹರಡಿದ ಮೇಹರೋಗವನ್ನು ಭಾವಮಿಶ್ರನು ‘ಫಿರಂಗರೋಗ’ವೆಂದು ಕರೆದು ತನ್ನ ಶಾಸ್ತ್ರದಲ್ಲಿ ಸೇರಿಸಿಕೊಂಡನು. ಅದಕ್ಕೆ ಅವನು ಹೇಳಿದ ಮದ್ದುಗಳಲ್ಲಿ ಚೋಪಚೀನಿಯೂ ಒಂದು. ಹೆಸರೇ ಹೇಳುವಂತೆ ಅದು ಚೀನದಿಂದ ಬಂದ ಬೇರು. ಗೋವೆಯಲ್ಲಿದ್ದ ಪೋರ್ತುಗೀಜ ವೈದ್ಯ ಗಾರ್ಸಿಯಾ ದ ಓರ್ತನು 1563ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದನ್ನು ವಿವರವಾಗಿ ಚರ್ಚಿಸಿದ್ದಾನೆ. ಪರದೇಶದ ರೋಗ, ಪರದೇಶದ ಬೇರು, ಸಂಸ್ಕೃತದ ಶ್ಲೋಕ—ಈ ಮೂರೂ ಯಾವ ಸಂಕೋಚವೂ ಇಲ್ಲದೆ ಒಂದೆಡೆ ಸೇರಿದುವು. ಹೊಸದನ್ನು ಒಳಗೊಳ್ಳುವುದೇ ಈ ಶಾಸ್ತ್ರದ ಹಳೆಯ ಸಂಪ್ರದಾಯವಾಗಿತ್ತೆಂದು ಇದರಿಂದ ಹೇಳಬಹುದು.

ಕನ್ನಡನಾಡಿನ ಪರಂಪರೆಯೂ ಏಕಪ್ರಕಾರವಾಗಿರಲಿಲ್ಲ. ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ಉಗ್ರಾದಿತ್ಯನು ತನ್ನ ಸಂಸ್ಕೃತ ಗ್ರಂಥವಾದ ‘ಕಲ್ಯಾಣಕಾರಕ’ದಲ್ಲಿ ಮಾಂಸವು ಔಷಧಕ್ಕೆ ಅನವಶ್ಯಕವೆಂದು ವಾದಿಸಿದನು. ಚರಕನಾದರೋ ನಾನಾ ಬಗೆಯ ಮಾಂಸಗಳನ್ನು ಪಥ್ಯವಾಗಿ ವಿಧಿಸಿದವನು. ಧರ್ಮಭೇದಕ್ಕೆ ಅನುಗುಣವಾಗಿ ವೈದ್ಯವೂ ಭೇದಗೊಂಡಿತು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ದನಗಳ ರೋಗಗಳನ್ನು ಕುರಿತು ‘ಗೋವೈದ್ಯ’ವನ್ನೂ, ವಿಜಯನಗರದ ಆರಂಭಕಾಲದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನೂ ಕನ್ನಡದಲ್ಲಿಯೇ ರಚಿಸಿದರು. ಒಕ್ಕಲಿಗನ ಎತ್ತು, ಹಾವಿನ ಕಡಿತ—ಹಳ್ಳಿಯ ನಿಜವಾದ ಸಂಕಟಗಳೇ ಇವುಗಳ ವಸ್ತು.

ಶಸ್ತ್ರವೂ ಶಾಸ್ತ್ರವೂ

ಆಯುರ್ವೇದದ ಹಿರಿಮೆಯನ್ನು ಹೇಳುವಾಗ ಸುಶ್ರುತನ ಶಸ್ತ್ರಚಿಕಿತ್ಸೆಯನ್ನು, ವಿಶೇಷವಾಗಿ ಕತ್ತರಿಸಿದ ಮೂಗನ್ನು ಮತ್ತೆ ಕೂಡಿಸುವ ವಿದ್ಯೆಯನ್ನು ಎಲ್ಲರೂ ಉದಾಹರಿಸುತ್ತಾರೆ. ಈ ವಿದ್ಯೆ ಯೂರೋಪಿಗೆ ತಿಳಿದ ಪ್ರಸಂಗವು ನಮ್ಮ ನಾಡಿಗೂ ಸಂಬಂಧಿಸಿದ್ದು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿಯೆಂಬವನು ಟೀಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡನು. ಮುಂದೆ ಪುಣೆಯಲ್ಲಿ ಒಬ್ಬ ಕುಶಲಿಯು ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಮಾಡಿಕೊಟ್ಟನು. ಇದರ ವರದಿಯು 1794ರ ಅಕ್ಟೋಬರದಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಆಧರಿಸಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಚಿಕಿತ್ಸೆಯನ್ನು ಮಾಡಿದನು.

ಇಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಸುಶ್ರುತನು ಹೇಳಿದ್ದು ಕೆನ್ನೆಯ ಚರ್ಮವನ್ನು. ಪುಣೆಯಲ್ಲಿ ಬಳಸಿದ್ದು ಹಣೆಯ ಚರ್ಮವನ್ನು. ಮತ್ತು ಆ ಕುಶಲಿಯು ಸಂಸ್ಕೃತ ಓದಿದ ವೈದ್ಯನಲ್ಲ, ಇಟ್ಟಿಗೆ ಮಾಡುವ ಕುಲದವನೆಂದು ವರದಿ ಹೇಳುತ್ತದೆ. ಗ್ರಂಥವು ಒಬ್ಬರ ಮನೆಯಲ್ಲಿ, ಕೈಗುಣವು ಇನ್ನೊಬ್ಬರ ಮನೆಯಲ್ಲಿ ಉಳಿದುಕೊಂಡಿದ್ದ ಕಾಲವದು. ಶವವನ್ನು ನೀರಿನಲ್ಲಿ ಕೊಳೆಯಿಸಿ ಅವಯವಗಳನ್ನು ಪ್ರತ್ಯಕ್ಷವಾಗಿ ನೋಡಿ ಕಲಿಯಬೇಕೆಂದು ಸುಶ್ರುತನು ವಿಧಿಸಿದ್ದರೂ ಪಂಡಿತ ವೈದ್ಯರಲ್ಲಿ ಆ ಪದ್ಧತಿ ಎಂದೋ ನಿಂತುಹೋಗಿತ್ತು. ವೈದ್ಯ ಮನೆತನದ ಮಧುಸೂದನ ಗುಪ್ತರು 1836ರಲ್ಲಿ ಕಲಕತ್ತೆಯಲ್ಲಿ ಶವವಿಚ್ಛೇದನ ಮಾಡಿದಾಗ ಅದೊಂದು ಅಪೂರ್ವ ಘಟನೆಯೆನಿಸಿತು.

ಕಲಕತ್ತೆಯ ಗಣನಾಥ ಸೇನರು 1913ರಲ್ಲಿ ‘ಪ್ರತ್ಯಕ್ಷ ಶಾರೀರಮ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಭಾಷೆ ಸಂಸ್ಕೃತ, ಪರಿಭಾಷೆ ಸಂಸ್ಕೃತ. ವಿಷಯವು ಮಾತ್ರ ಯೂರೋಪಿನ ಅಂಗರಚನಾಶಾಸ್ತ್ರ. ಆಯುರ್ವೇದ ಶಾಲೆಗಳಲ್ಲಿ ಅದು ಪಠ್ಯವಾಯಿತು. ಸೇನರು ಯಾರನ್ನೂ ವಂಚಿಸಲು ಹೀಗೆ ಮಾಡಲಿಲ್ಲ. ಭಾವಮಿಶ್ರನು ಫಿರಂಗರೋಗಕ್ಕೆ ಮಾಡಿದ್ದನ್ನೇ ಅವರು ಶಾರೀರಕ್ಕೆ ಮಾಡಿದರು. ಆದರೆ ಓದುವ ವಿದ್ಯಾರ್ಥಿಗೆ, ಸಂಸ್ಕೃತದಲ್ಲಿರುವುದೆಲ್ಲವೂ ಪ್ರಾಚೀನವೆಂಬ ಭ್ರಮೆ ಹುಟ್ಟಲು ಇದು ಸುಲಭವಾದ ದಾರಿ.

ಸಂಸ್ಥೆಯ ಹುಟ್ಟು

ಇನ್ನು ಸಂಸ್ಥೆಗಳು. ಹಿಂದೆ ವೈದ್ಯನಾಗಬೇಕಾದವನು ತಂದೆಯ ಅಥವಾ ಗುರುವಿನ ಬಳಿಯಲ್ಲಿ ಕೆಲವು ಗ್ರಂಥಗಳನ್ನು ಕಂಠಪಾಠ ಮಾಡಿ, ಮದ್ದು ಅರೆದು, ರೋಗಿಗಳನ್ನು ನೋಡುತ್ತ ಕಲಿಯುತ್ತಿದ್ದನು. ತರಗತಿ, ಪರೀಕ್ಷೆ, ಪದವಿಪತ್ರ ಇವು ಯಾವುವೂ ಇರಲಿಲ್ಲ. ಇವೆಲ್ಲ ಪಾಶ್ಚಾತ್ಯ ವೈದ್ಯ ಮಹಾವಿದ್ಯಾಲಯಗಳನ್ನು ನೋಡಿ ಕಟ್ಟಿಕೊಂಡವು. ಶಂಕರ ದಾಜಿಶಾಸ್ತ್ರಿ ಪದೆಯವರ ಪ್ರಯತ್ನದಿಂದ 1907ರಲ್ಲಿ ನಾಸಿಕದಲ್ಲಿ ಅಖಿಲ ಭಾರತ ಆಯುರ್ವೇದ ಮಹಾಸಮ್ಮೇಲನವು ಹುಟ್ಟಿತು. ಮರುವರ್ಷ, 1908ರಲ್ಲಿ, ಮೈಸೂರಿನಲ್ಲಿ ಸಂಸ್ಥಾನದ ಆಶ್ರಯದಲ್ಲಿ ಆಯುರ್ವೇದ ಕಾಲೇಜು ಆರಂಭವಾಯಿತು.

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಈ ಭಾಗದ ವೈದ್ಯರಿಗೆ ಮೈಸೂರಿಗಿಂತ ಮುಂಬಯಿ ಪುಣೆಗಳ ಚಳವಳಿಯೇ ಹತ್ತಿರದ್ದಾಗಿತ್ತು. ಇಂದು ಕೆ. ಎಲ್. ಇ. ಸಂಸ್ಥೆಗೆ ಸೇರಿರುವ, ಬೆಳಗಾವಿಯ ಶಹಾಪುರದ ಬಿ. ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದ ಮೂಲವು 1933ಕ್ಕೆ ಹೋಗುತ್ತದೆ. 1938ರ ಮುಂಬಯಿ ವೈದ್ಯವೃತ್ತಿಯವರ ಕಾಯಿದೆಯು ದೇಶೀಯ ವೈದ್ಯರಿಗೂ ಸರಕಾರೀ ನೋಂದಣಿಯನ್ನು ಒದಗಿಸಿತು. ಇದೊಂದು ದೊಡ್ಡ ತಿರುವು. ಅಲ್ಲಿಯವರೆಗೆ ‘ವೈದ್ಯ’ನೆಂದರೆ ಊರು ನಂಬಿದವನು, ಅಲ್ಲಿಂದ ಮುಂದೆ ಪಟ್ಟಿಯಲ್ಲಿ ಹೆಸರಿದ್ದವನು.

ಸ್ವಾತಂತ್ರ್ಯದ ಹೊತ್ತಿಗೆ ದೊಡ್ಡದೊಂದು ವಾದವು ಬೆಳೆದಿತ್ತು. ಪ್ರಾಚೀನ ಗ್ರಂಥಗಳನ್ನಷ್ಟೇ ಕಲಿಸಬೇಕೆಂಬ ‘ಶುದ್ಧ’ ಪಕ್ಷ ಒಂದು. ಪಾಶ್ಚಾತ್ಯ ವೈದ್ಯವನ್ನೂ ಕೂಡಿಸಿ ಕಲಿಸಬೇಕೆಂಬ ‘ಮಿಶ್ರ’ ಪಕ್ಷ ಇನ್ನೊಂದು. 1948ರಲ್ಲಿ ವರದಿಯೊಪ್ಪಿಸಿದ ಚೋಪ್ರಾ ಸಮಿತಿಯು ಎರಡನ್ನೂ ಸಮನ್ವಯಗೊಳಿಸಬೇಕೆಂದಿತು. 1970ರ ಕಾಯಿದೆಯ ಮೂಲಕ ಭಾರತೀಯ ವೈದ್ಯಪದ್ಧತಿಗಳ ಕೇಂದ್ರ ಪರಿಷತ್ತು ರೂಪುಗೊಂಡು ದೇಶಕ್ಕೆಲ್ಲ ಒಂದೇ ಪಠ್ಯಕ್ರಮವನ್ನು ಗೊತ್ತುಪಡಿಸಿತು. 2014ರಲ್ಲಿ ಆಯುಷ್ ಪ್ರತ್ಯೇಕ ಮಂತ್ರಾಲಯವಾಯಿತು. 2020ರ ಕಾಯಿದೆಯಿಂದ ಹಳೆಯ ಪರಿಷತ್ತಿನ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವು ಬಂದಿತು. ‘ಶುದ್ಧ’ ಪಕ್ಷವು ಹೆಸರನ್ನು ಗೆದ್ದಿತು, ‘ಮಿಶ್ರ’ ಪಕ್ಷವು ಪಠ್ಯವನ್ನು ಗೆದ್ದಿತು ಎಂದರೆ ತಪ್ಪಾಗಲಾರದು. ಘಟಪ್ರಭೆಯಲ್ಲಿ ಸಹಕಾರಿ ಆಸ್ಪತ್ರೆಯ ಆಶ್ರಯದಲ್ಲಿ ಆಯುರ್ವೇದ ಮಹಾವಿದ್ಯಾಲಯವಿರುವುದು ಈ ಹೊಸ ಯುಗದ ಸಹಜ ಫಲ. ಸಹಕಾರಿ ಸಂಘ, ಆಸ್ಪತ್ರೆ, ಮಹಾವಿದ್ಯಾಲಯ—ಮೂರೂ ಆಧುನಿಕ ಸಂಸ್ಥೆಗಳು. ಅವುಗಳ ಆವರಣದಲ್ಲಿ ಓದುವುದು ಚರಕನನ್ನು.

ಪ್ರಾಚೀನತೆಯೇ ಪ್ರಮಾಣವೆ?

ಇದೆಲ್ಲ ಪಂಡಿತರ ಕುತೂಹಲಕ್ಕಷ್ಟೇ ಸಂಬಂಧಿಸಿದ ಸಂಗತಿಯೆಂದು ಕೆಲವರಿಗೆ ತೋರಬಹುದು. ಹಾಗಲ್ಲ. ಒಂದು ಮದ್ದಿನ ವಯಸ್ಸು ಎಷ್ಟೆಂಬುದು ಇಂದು ನಮ್ಮ ದೇಶದಲ್ಲಿ ಕಾನೂನಿನ ಪ್ರಶ್ನೆಯಾಗಿದೆ. 1940ರ ಔಷಧ ಕಾಯಿದೆಗೆ 1964ರಲ್ಲಿ ತಿದ್ದುಪಡಿಯಾಗಿ ಆಯುರ್ವೇದದ ಔಷಧಗಳೂ ಅದರೊಳಗೆ ಬಂದವು. ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಪ್ರಮಾಣಗ್ರಂಥಗಳ ಪಟ್ಟಿಯಿದೆ. ಆ ಗ್ರಂಥಗಳಲ್ಲಿರುವ ಯೋಗವನ್ನು, ಅಲ್ಲಿ ಹೇಳಿದ ರೋಗಕ್ಕೇ ಕೊಡುವುದಾದರೆ, 2010ರಲ್ಲಿ ಸೇರಿಸಿದ ನಿಯಮದ ಮೇರೆಗೆ ಸುರಕ್ಷತೆಯ ಹೊಸ ಪರೀಕ್ಷೆಯಾಗಲಿ ಪರಿಣಾಮದ ಹೊಸ ಪ್ರಯೋಗವಾಗಲಿ ಬೇಕಿಲ್ಲ. ಬಹುಕಾಲ ಬಳಸಿದ್ದು ನಿರಪಾಯಕರವೆಂಬುದು ಇದರ ಹಿಂದಿನ ತರ್ಕ.

ಆದರೆ ಆ ಪಟ್ಟಿಯನ್ನು ನೋಡಿದರೆ ಚರಕ ಸುಶ್ರುತರ ಜೊತೆಯಲ್ಲಿಯೇ ‘ಆರ್ಯಭಿಷಕ್’ ಎಂಬ ಗ್ರಂಥವೂ ಇದೆ. ಇದನ್ನು ಮರಾಠಿಯಲ್ಲಿ ಬರೆದವರು ಮೇಲೆ ಹೇಳಿದ ಶಂಕರ ದಾಜಿಶಾಸ್ತ್ರಿ ಪದೆಯವರೇ. ಸಮ್ಮೇಲನವನ್ನು ಕಟ್ಟಿದವರ ಕೃತಿ ಚರಕನ ಸಾಲಿನಲ್ಲಿ ಕುಳಿತಿದೆ. ಇದು ಆ ಗ್ರಂಥದ ದೋಷವಲ್ಲ. ‘ಪ್ರಾಚೀನ’ವೆಂಬ ಪದವನ್ನು ಕಾನೂನು ಎಷ್ಟು ಸಡಿಲವಾಗಿ ಹಿಡಿದಿದೆಯೆಂಬುದಕ್ಕೆ ಸಾಕ್ಷಿ. ಇದಲ್ಲದೆ ಯೋಗವು ಹಳೆಯದಾದರೂ ತಯಾರಿಕೆ ಹೊಸದು. ಕಲಕತ್ತೆಯಲ್ಲಿ 1884ರಲ್ಲಿ ಡಾಬರ್, ಕೋಟಕ್ಕಲಿನಲ್ಲಿ 1902ರಲ್ಲಿ ಆರ್ಯವೈದ್ಯಶಾಲೆ ಪ್ರಾರಂಭವಾದಂದಿನಿಂದ ಔಷಧವು ವೈದ್ಯನ ಕೈಯಿಂದ ಕಾರಖಾನೆಗೆ ಸಾಗಿತು. ಚ್ಯವನಪ್ರಾಶವು ಚರಕನಲ್ಲಿ ಇದೆ. ಆದರೆ ಅದನ್ನು ರೋಗಿಯ ಪ್ರಕೃತಿ ನೋಡಿ ಕೊಡುವ ವೈದ್ಯನು ಅಂಗಡಿಯ ಡಬ್ಬಿಯಲ್ಲಿಲ್ಲ.

2004ರಲ್ಲಿ ಅಮೆರಿಕೆಯ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣದ ಅಂಶ ಕಂಡುಬಂದಿತು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನಲ್ಲಿ ಮೈ ಕರಗಿಸುವ ಔಷಧದಲ್ಲಿ ಒಂದು ಚೀನೀ ಬೇರಿನ ಬದಲು ಇನ್ನೊಂದು ಬೇರು ಸೇರಿಹೋಗಿ ನೂರರಷ್ಟು ಜನರ ಮೂತ್ರಪಿಂಡಗಳು ಕೆಟ್ಟವು. ಆ ವಿಷವು ಯಾವ ಕುಲದ ಗಿಡದಲ್ಲಿದೆಯೋ ಅದೇ ಕುಲಕ್ಕೆ ನಮ್ಮ ಈಶ್ವರಿ ಬಳ್ಳಿಯೂ ಸೇರಿದೆ. ಹಾವಿನ ಕಡಿತಕ್ಕೆ ಅದರ ಬೇರನ್ನು ಕೊಡುವುದು ಹಳ್ಳಿಗಳಲ್ಲಿ ಹಳೆಯ ರೂಢಿ. ಮದ್ದು ಕುಡಿದ ದಿನವೇ ಕೇಡು ತೋರಿದರೆ ಅಜ್ಜಂದಿರು ಅದನ್ನು ಬಿಟ್ಟುಬಿಡುತ್ತಿದ್ದರು. ಹತ್ತು ವರ್ಷದ ಮೇಲೆ ತೋರುವ ಕೇಡನ್ನು ಯಾವ ಪರಂಪರೆಯೂ ತಾನಾಗಿ ಗುರುತಿಸಲಾರದು.

ಇದಕ್ಕೆ ಪ್ರತಿಯಾದ ನಿದರ್ಶನಗಳೂ ಉಂಟು. ಸರ್ಪಗಂಧದ ಬೇರು ರಕ್ತದ ಒತ್ತಡವನ್ನು ಇಳಿಸುತ್ತದೆಂದು ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ 1931ರಲ್ಲಿ ಪ್ರಕಟಿಸಿದರು, ಮುಂಬಯಿಯ ಡಾ. ರುಸ್ತುಮ್ ವಕೀಲರು 1949ರಲ್ಲಿ ರೋಗಿಗಳ ಮೇಲಿನ ಪ್ರಯೋಗದ ಫಲವನ್ನು ಜಗತ್ತಿನ ಮುಂದಿಟ್ಟರು; 1952ರಲ್ಲಿ ಅದರ ಸಾರವಾದ ರಿಸರ್ಪಿನ್ ಬೇರ್ಪಟ್ಟಿತು. ಚೀನದ ತು ಯೂಯೂ ಅವರು ಹಳೆಯ ಗ್ರಂಥವೊಂದರ ಸೂಚನೆಯಿಂದ ಮಲೇರಿಯದ ಔಷಧವನ್ನು ಕಂಡುಹಿಡಿದು 2015ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಎರಡೂ ಕಡೆ ಹಳೆಯ ಅನುಭವವು ದಾರಿ ತೋರಿಸಿತು, ಹೊಸ ಪರೀಕ್ಷೆಯು ನಿರ್ಣಯ ಕೊಟ್ಟಿತು.

ಪಟ್ಟಿಯ ಹೊರಗೆ ಉಳಿದವರು

ಕೊನೆಯದಾಗಿ, ಈ ನವನಿರ್ಮಾಣದಲ್ಲಿ ಬಿಟ್ಟುಹೋದುದರ ವಿಷಯ. ಗಿಡಮೂಲಿಕೆಗಳ ಹೆಸರನ್ನೂ ರೂಪವನ್ನೂ ಕುರಿ ಕಾಯುವವರಿಂದ, ದನಗಾಹಿಗಳಿಂದ, ಕಾಡಿನಲ್ಲಿ ವಾಸಿಸುವವರಿಂದ ತಿಳಿಯಬೇಕೆಂದು ಚರಕ ಸಂಹಿತೆಯೇ ಹೇಳುತ್ತದೆ. ಶಾಸ್ತ್ರಕ್ಕೂ ಜನರ ತಿಳಿವಳಿಕೆಗೂ ನಡುವೆ ಆಗ ಬಾಗಿಲಿತ್ತು. ಪದವಿ, ನೋಂದಣಿ, ಪ್ರಮಾಣಗ್ರಂಥಗಳ ಪಟ್ಟಿ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಪುಣೆಯ ಆ ಕುಶಲಿಯು ಇಂದಿದ್ದರೆ ಅಪರಾಧಿಯಾಗುತ್ತಿದ್ದನು. ರೋಗಿಯ ಹಿತದೃಷ್ಟಿಯಿಂದ ಇಂಥ ನಿರ್ಬಂಧ ಅವಶ್ಯಕವೇ ಸರಿ. ತಿಳಿಯದವರ ಕೈಯಲ್ಲಿ ಪ್ರಾಣ ಕಳೆದುಕೊಂಡವರ ಲೆಕ್ಕವನ್ನು ಪರಂಪರೆಯ ಅಭಿಮಾನಿಗಳು ಇಡುವುದಿಲ್ಲ. ಆದರೆ ನಿರ್ಬಂಧಿಸುವುದು ಬೇರೆ, ದಾಖಲಿಸದೆ ಅಳಿಯಗೊಡುವುದು ಬೇರೆ. ಎಲುಬು ಕಟ್ಟುವವನ ಬಿದಿರಿನ ದಬ್ಬೆ, ಸೂಲಗಿತ್ತಿಯ ಆರೈಕೆ, ದನಗಳಿಗೆ ಕೊಡುವ ಗೊಟ್ಟದ ಮದ್ದು ಇವು ಉಪಯುಕ್ತವೋ ಅನುಪಯುಕ್ತವೋ ಎಂಬುದನ್ನು ಪರೀಕ್ಷೆ ನಿರ್ಣಯಿಸಲಿ. ಅವು ಇದ್ದವೆಂಬುದಂತೂ ಇತಿಹಾಸ.

ನಮ್ಮ ಮಹಾವಿದ್ಯಾಲಯಗಳ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇಲ್ಲಿಯೇ ಇದೆ. ಹಳೆಯ ಮನೆಗಳಲ್ಲಿ ಮೋಡಿ ಅಥವಾ ಕನ್ನಡ ಅಕ್ಷರದ ಮದ್ದಿನ ವಹಿಗಳು ಕಂಡುಬಂದರೆ ಅವುಗಳ ಪ್ರತಿ ಮಾಡಿಕೊಳ್ಳಬೇಕು. ಯಾರು ಬರೆದರು, ಯಾವ ಗ್ರಂಥದಿಂದ ಎತ್ತಿಕೊಂಡರು, ಸಕ್ಕರೆ, ಸೋಡಾ, ಇಂಗ್ಲಿಷ್ ಔಷಧಗಳ ಹೆಸರು ಯಾವ ಪುಟದಿಂದ ನುಸುಳುತ್ತವೆ ಎಂಬುದನ್ನು ಗುರುತಿಸಬೇಕು. ಒಂದು ಹರಿದ ವಹಿಯು ನೂರು ಉತ್ಸವ ಭಾಷಣಗಳಿಗಿಂತ ಹೆಚ್ಚನ್ನು ಹೇಳೀತು.

ಮೇಲಿನ ವಿವೇಚನೆಯ ಸಾರವಿಷ್ಟು: ಇಂದಿನ ಆಯುರ್ವೇದದಲ್ಲಿ ಗ್ರಂಥಗಳ ಅಡಿಪಾಯವು ಸುಮಾರು ಎರಡು ಸಾವಿರ ವರ್ಷಗಳದು, ಅದರ ಮೇಲಿನ ಅಂತಸ್ತುಗಳು ನಾನಾ ಶತಮಾನಗಳವು, ಮಹಾವಿದ್ಯಾಲಯ, ಪದವಿ, ಕಾರಖಾನೆ, ಕಾಯಿದೆಗಳ ಕಟ್ಟಡವು ನೂರೈವತ್ತು ವರ್ಷಗಳ ಒಳಗಿನದು. ಹೊಸದಾದ ಮಾತ್ರಕ್ಕೆ ಅದು ಕೃತ್ರಿಮವಲ್ಲ, ಹಳೆಯದಾದ ಮಾತ್ರಕ್ಕೆ ಪ್ರಮಾಣವೂ ಅಲ್ಲ. ಮದ್ದಿನ ವಯಸ್ಸನ್ನು ಇತಿಹಾಸಕಾರನು ಹೇಳಬಲ್ಲನು. ಅದರ ಗುಣವನ್ನು ಪರೀಕ್ಷಕನೇ ಹೇಳಬೇಕು. ಒಬ್ಬನ ಉತ್ತರವನ್ನು ಇನ್ನೊಬ್ಬನ ಪ್ರಶ್ನೆಗೆ ಕೊಡುವುದು ಸಲ್ಲದು.